ಎರಡನೇ ಡೌನ್, 26 ಯಾರ್ಡ್: ಡೆವೊಂಟಾ ಸ್ಮಿತ್ ಕಾದ ವರ್ಷಗಳು

(ನಮ್ಮ ಕನ್ನಡ ಬಳಗದ ಕೂಟದಲ್ಲಿ ಮಾತಾಡಿದ್ದು. ಬರೆದು ಕಳ್ಸಿ ಅಂತ ಕೆಲವರು ಕೇಳಿದ್ರು, ಆದಷ್ಟು ಮಾತಾಡಿದ ಹಾಗೇ ಬರ್ದಿದೀನಿ, ಅವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನ ಅಲ್ಲಲ್ಲಿ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಅಂದ ತಕ್ಷಣ ಹಿಂದಿನ ಸಾಲಲ್ಲಿ ಇಬ್ರು ಎದ್ದು ಕಾಫಿ ಕಡೆ ಹೋದ್ರು, ಪರವಾಗಿಲ್ಲ, ಬಿಸಿ ಇರೋವಾಗ್ಲೇ ಕುಡೀರಿ. ಉಳಿದೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಆಟ ಕಲಿಸೋಕೆ ನಾನು ಬಂದಿಲ್ಲ. ಒಬ್ಬ ಹುಡುಗನ ಕಾಲೇಜು ಕೆರಿಯರ್ ಬಗ್ಗೆ ಹೇಳ್ತೀನಿ ಅಷ್ಟೇ. ಹೆಸರು ಡೆವೊಂಟಾ ಸ್ಮಿತ್, ಆಡಿದ್ದು ಅಲಬಾಮಾ ಯೂನಿವರ್ಸಿಟಿಗೆ, 2017ರಿಂದ 2020ರ ಸೀಸನ್ ತನಕ, ಪೊಸಿಷನ್ ವೈಡ್ ರಿಸೀವರ್. ಇವನ ಬಗ್ಗೆ ಮಾತಾಡೋರೆಲ್ಲ 2020ರ ಸೀಸನ್ ಬಗ್ಗೇನೇ ಮಾತಾಡ್ತಾರೆ, ಯಾಕಂದ್ರೆ ಆ ವರ್ಷ ಅವನು ಇರೋ ಬರೋ ಪ್ರಶಸ್ತಿ ಎಲ್ಲಾ ಬಾಚ್ಕೊಂಡ. ನನಗೆ ಮಾತ್ರ ಅವನ 2018ರ ಸೀಸನ್ನೇ ಹೆಚ್ಚು ಇಷ್ಟ, ಅಂಕಿಅಂಶ ನೋಡಿದ್ರೆ ಅದರಲ್ಲಿ ಹೇಳ್ಕೊಳೋ ಅಂಥದ್ದು ಏನೂ ಇಲ್ಲ. ಯಾಕೆ ಇಷ್ಟ ಅನ್ನೋದನ್ನೇ ಹೇಳೋಕೆ ಇಷ್ಟೊತ್ತು ತಗೊಳ್ತಾ ಇರೋದು.

ಆಟದ ಬಗ್ಗೆ ಇಷ್ಟು ಗೊತ್ತಿದ್ರೆ ಸಾಕು. ನೂರು ಯಾರ್ಡ್ ಮೈದಾನ, ಒಂದು ಟೀಮ್ ಕೈಲಿ ಚೆಂಡು, ನಾಲ್ಕು ಚಾನ್ಸ್ ಒಳಗೆ ಹತ್ತು ಯಾರ್ಡ್ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ಹೊಸದಾಗಿ ನಾಲ್ಕು ಚಾನ್ಸ್, ಇಲ್ಲಾಂದ್ರೆ ಚೆಂಡು ಆ ಕಡೆಯವರಿಗೆ. ಒಂದೊಂದು ಚಾನ್ಸಿಗೂ ಡೌನ್ ಅಂತಾರೆ, ಆ ಚಾನ್ಸಲ್ಲಿ ಆಡೋದೇ ಪ್ಲೇ. ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸಿದ್ರೆ ಟಚ್‌ಡೌನ್, ಆರು ಪಾಯಿಂಟ್, ಅದಾಗದೆ ಕಂಬಗಳ ಮಧ್ಯೆ ಕಿಕ್ ಹೊಡೆದು ಕಳಿಸಿದ್ರೆ ಮೂರು ಪಾಯಿಂಟ್. ಎಸೆಯೋನು ಕ್ವಾರ್ಟರ್‌ಬ್ಯಾಕ್, ಓಡಿ ಹೋಗಿ ಹಿಡಿಯೋನು ರಿಸೀವರ್, ಆ ಪಾಸಿಂದ ಟೀಮ್ ಎಷ್ಟು ಯಾರ್ಡ್ ಮುಂದೆ ಹೋಯ್ತು ಅನ್ನೋದು ಅವನ ಲೆಕ್ಕಕ್ಕೆ. ಈ ರಿಸೀವರ್ ಕೆಲಸ ಎಂಥದ್ದು ಅಂದ್ರೆ ಒಂದು ಮ್ಯಾಚಲ್ಲಿ ಅವರ ಟೀಮ್ ಅರವತ್ತು ಎಪ್ಪತ್ತು ಪ್ಲೇ ಆಡುತ್ತೆ, ಒಳ್ಳೇ ರಿಸೀವರ್‌ಗೂ ಚೆಂಡು ಕೈಗೆ ಬರೋದು ಐದೋ ಆರೋ ಸಲ, ಉಳಿದ ಅಷ್ಟೂ ಸಲ ಅವನು ಪ್ರಾಣ ಬಿಟ್ಟು ಓಡ್ತಾನೆ, ಎದುರಿನವನನ್ನ ಎಳ್ಕೊಂಡು ಹೋಗ್ತಾನೆ, ಇಲ್ಲಾ ತನಗಿಂತ ಮೂವತ್ತು ಕೆಜಿ ದಪ್ಪ ಇರೋನನ್ನ ತಡೆದು ನಿಲ್ಲಿಸ್ತಾನೆ, ಟಿವಿಲಿ ಅದು ಕಾಣೋದೂ ಇಲ್ಲ. ಅವನು ಎಷ್ಟೇ ಚೆನ್ನಾಗಿ ಓಡಿದ್ರೂ ಕ್ವಾರ್ಟರ್‌ಬ್ಯಾಕ್ ಬೇರೆ ಕಡೆ ನೋಡಿದ್ರೆ ಮುಗೀತು, ಅವನ ಲೆಕ್ಕಕ್ಕೆ ಸೊನ್ನೆ.

ಸ್ಮಿತ್ ಹುಟ್ಟಿದ್ದು 1998 ನವೆಂಬರಲ್ಲಿ, ಲೂಯಿಸಿಯಾನಾ ರಾಜ್ಯದ ಅಮೀಟ್ ಅನ್ನೋ ಸಣ್ಣ ಊರು, ನಾಲ್ಕು ಸಾವಿರ ಚಿಲ್ಲರೆ ಜನ ಅಷ್ಟೇ. ಅಲ್ಲಿಂದ ಒಂದು ಗಂಟೆ ದಾರಿಯಲ್ಲಿ ಬ್ಯಾಟನ್ ರೂಜ್, ಅಲ್ಲಿ ಎಲ್‌ಎಸ್‌ಯು ಯೂನಿವರ್ಸಿಟಿ, ಆ ಭಾಗದಲ್ಲಿ ಹುಟ್ಟಿ ಫುಟ್‌ಬಾಲ್ ಆಡೋ ಹುಡುಗ ಎಲ್‌ಎಸ್‌ಯುಗೆ ಹೋಗ್ಬೇಕು ಅನ್ನೋದು ಊರಿನೋರ ಆಸೆ. ಇವನು 2017ರಲ್ಲಿ ಸಹಿ ಹಾಕಿದ್ದು ಎಲ್‌ಎಸ್‌ಯುನ ಶತ್ರು ಅಲಬಾಮಾಗೆ. ಅಲ್ಲಿ ಕೋಚ್ ನಿಕ್ ಸೇಬನ್, ಆ ಕಾಲದಲ್ಲಿ ಅವರ ಮುಂದೆ ಉಳಿದ ಕೋಚ್‌ಗಳೆಲ್ಲ ಎರಡನೇ ಸಾಲಿನೋರೇ. ಈಗ ತಮಾಷೆ ನೋಡಿ, ಅದೇ ವರ್ಷ ಅದೇ ಪೊಸಿಷನ್‌ಗೆ ಇನ್ನಿಬ್ರು ಸೇರಿದ್ರು, ಜೆರ್ರಿ ಜೂಡಿ ಮತ್ತೆ ಹೆನ್ರಿ ರಗ್ಸ್. ಮಾರನೇ ವರ್ಷ ಜೇಲನ್ ವ್ಯಾಡಲ್ ಬಂದ. ಈ ನಾಲ್ಕೂ ಜನ ಮುಂದೆ ಎನ್‌ಎಫ್‌ಎಲ್ (ಸಂಬಳಕ್ಕೆ ಆಡೋ ದೊಡ್ಡ ಲೀಗ್) ಡ್ರಾಫ್ಟಲ್ಲಿ, ಅಂದ್ರೆ ಆ ಲೀಗಿನ ಟೀಮುಗಳು ಸರದಿ ಮೇಲೆ ಕಾಲೇಜ್ ಹುಡುಗರನ್ನ ಆರಿಸ್ಕೊಳೋ ಕಡೆ, ಮೊದಲ ಸುತ್ತಲ್ಲೇ ಹೋದ್ರು, ಅಂದ್ರೆ ಬೇರೆ ಯಾವ ಕಾಲೇಜಲ್ಲಿದ್ರೂ ಒಬ್ಬೊಬ್ಬನೂ ಅಲ್ಲಿನ ಹೀರೋ ಆಗಿರ್ತಿದ್ದ. ಒಂದೇ ಟೀಮಲ್ಲಿ ನಾಲ್ಕು ಜನ, ಚೆಂಡು ಒಂದೇ. (ರಗ್ಸ್ ಕಥೆ ಆಮೇಲೆ ಬೇರೆ ದಾರಿ ಹಿಡೀತು, ಬಹಳ ದುಃಖದ್ದು, ಇವತ್ತು ಅದು ಬೇಡ.)

ಮೊದಲ ವರ್ಷ ಪೂರ್ತಿ ಸ್ಮಿತ್ ಹಿಡಿದಿದ್ದು ಎಂಟೇ ಎಂಟು ಪಾಸ್. 160 ಯಾರ್ಡ್, ಮೂರು ಟಚ್‌ಡೌನ್. ಎಂಟು ಅಂದ್ರೆ ಮುಂದೆ ಅವನು ಒಂದೇ ಮ್ಯಾಚಲ್ಲಿ ಅದಕ್ಕಿಂತ ಹೆಚ್ಚು ಹಿಡಿದಿದಾನೆ. ಆದ್ರೆ ಆ ಎಂಟರಲ್ಲಿ ಒಂದು ನವೆಂಬರಲ್ಲಿ ಮಿಸಿಸಿಪ್ಪಿ ಸ್ಟೇಟ್ ಮೇಲೆ, 25 ಸೆಕೆಂಡ್ ಬಾಕಿ ಇರೋವಾಗ, ಸ್ಕೋರ್ ಸಮ ಇದ್ದಾಗ, 26 ಯಾರ್ಡ್ ಟಚ್‌ಡೌನ್. ಎಸೆದವನು ಜೇಲನ್ ಹರ್ಟ್ಸ್. ಈ ಹೆಸರು ಸ್ವಲ್ಪ ನೆನಪಲ್ಲಿ ಇಟ್ಕೊಳಿ.

ಆಮೇಲೆ 2018ರ ಜನವರಿ 8, ಅಟ್ಲಾಂಟಾ, ನ್ಯಾಷನಲ್ ಚಾಂಪಿಯನ್‌ಶಿಪ್ ಫೈನಲ್, ಎದುರಾಳಿ ಜಾರ್ಜಿಯಾ. ಅರ್ಧ ಆಟ ಮುಗಿದಾಗ ಜಾರ್ಜಿಯಾ 13, ಅಲಬಾಮಾ ಸೊನ್ನೆ. ಸೇಬನ್ ಏನ್ ಮಾಡಿದ್ರು ಅಂದ್ರೆ ಎರಡು ವರ್ಷದಿಂದ ಟೀಮ್ ನಡೆಸ್ತಿದ್ದ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್‌ನ ಕೂರಿಸಿ ಟೂವಾ ಟಾಗೊವೈಲೋವಾ ಅನ್ನೋ ಹವಾಯಿ ಹುಡುಗನ್ನ ಇಳಿಸಿದ್ರು, ಇವನೂ ಮೊದಲ ವರ್ಷದವನು. ಅವನು ಬಂದ ಮೇಲೆ ಆಟ ತಿರುಗ್ತು, 20-20 ಆಯ್ತು, ಕೊನೇ ಗಳಿಗೆಲಿ ಅಲಬಾಮಾ ಕಿಕ್ಕರ್ 36 ಯಾರ್ಡ್ ಕಿಕ್ ತಪ್ಪಿಸ್ಬಿಟ್ಟ, ಬಾಯಿಗೆ ಬಂದ ತುತ್ತು ಹೋಯ್ತು, ಓವರ್‌ಟೈಮ್. ಕಾಲೇಜ್ ಓವರ್‌ಟೈಮ್ ನಮ್ಮ ಸೂಪರ್ ಓವರ್ ಇದ್ದಂಗೆ, ಎರಡೂ ಟೀಮಿಗೂ ಒಂದೊಂದು ಸಲ ಚೆಂಡು, ಎದುರಾಳಿಯ 25 ಯಾರ್ಡ್ ಗೆರೆಯಿಂದ ಶುರು. ಜಾರ್ಜಿಯಾ ಮೊದಲು ಆಡಿ ಮೂರು ಪಾಯಿಂಟ್ ತಗೊಳ್ತು. ಅಲಬಾಮಾ ಸರದಿ, ಮೊದಲ ಡೌನಲ್ಲೇ ಟೂವಾ ಚೆಂಡು ಹಿಡ್ಕೊಂಡು ಹಿಂದೆ ಹಿಂದೆ ಓಡಿ ಸಿಕ್ಕಾಕೊಂಡ, 16 ಯಾರ್ಡ್ ಲಾಸ್. ಈಗ ಎರಡನೇ ಡೌನ್, ಹತ್ತು ಹೋಗಬೇಕಾದ ಕಡೆ 26 ಯಾರ್ಡ್ ಹೋಗ್ಬೇಕು. ಇನ್ನು ಕಿಕ್ ಹೊಡೆದು ಸಮ ಮಾಡೋದೂ ದೂರದ ಮಾತಾಯ್ತು. ಮೊದಲ ವರ್ಷದ ಹುಡುಗ, ಇಷ್ಟು ದೊಡ್ಡ ತಪ್ಪು ಮಾಡಿದಾನೆ, ಇಡೀ ದೇಶ ನೋಡ್ತಾ ಇದೆ.

ಆ ಪ್ಲೇಗೆ ಅಲಬಾಮಾದವರ ಒಳಗಿನ ಹೆಸರು ಸಿಯಾಟಲ್. ನಾಲ್ಕು ಜನ ನೇರವಾಗಿ ಮುಂದಕ್ಕೆ ಓಡೋದು, ಅಷ್ಟೇ, ಇದರಲ್ಲಿ ಜಾಣತನ ಏನೂ ಇಲ್ಲ, ಹೈಸ್ಕೂಲಲ್ಲೂ ಇದನ್ನ ಆಡ್ತಾರೆ. ಎಡಗಡೆ ಅಂಚಲ್ಲಿ ಸ್ಮಿತ್. ಟೂವಾ ಮೊದಲು ಬಲಗಡೆ ನೋಡಿದ, ಹಿಂದೆ ಕಾವಲಿದ್ದ ಸೇಫ್ಟಿ ಅವನ ಕಣ್ಣನ್ನೇ ನಂಬಿ ಅಲ್ಲೇ ತಡವರಿಸಿದ, ಅಷ್ಟರಲ್ಲಿ ಸ್ಮಿತ್ ತನ್ನನ್ನ ಕಾಯ್ತಿದ್ದ ಕಾರ್ನರ್‌ಬ್ಯಾಕ್‌ನ ದಾಟಿ ಹೋಗಿದ್ದ. 41 ಯಾರ್ಡ್. ಟಚ್‌ಡೌನ್. 26-23, ಮ್ಯಾಚ್ ಮುಗೀತು, ಚಾಂಪಿಯನ್. ಆ ರಾತ್ರಿ ಇಡೀ ಮ್ಯಾಚಲ್ಲಿ ಸ್ಮಿತ್ ಹಿಡಿದಿದ್ದು ಅದೊಂದೇ ಪಾಸ್. ಇದನ್ನ ಎರಡು ಸಲ ಹೇಳ್ಬೇಕು ಅನ್ಸುತ್ತೆ. ಮೂರೂವರೆ ಗಂಟೆ ಮೇಲೆ ಕೈಗೆ ಏನೂ ಬಂದಿಲ್ಲ, ಬಂದಿದ್ದು ಒಂದು, ಅದನ್ನ ಬಿಟ್ಟಿದ್ರೆ ಆ ಮ್ಯಾಚಿನ ಕಥೇನೇ ಬೇರೆ.

ಈಗ ನನ್ನ ಇಷ್ಟದ ಭಾಗಕ್ಕೆ ಬರ್ತೀನಿ. ಇಂಥಾ ಕ್ಯಾಚ್ ಹಿಡಿದವನು ಮಾರನೇ ವರ್ಷ ಏನಾಗ್ತಾನೆ ಅಂತ ನೀವು ಅಂದ್ಕೊಳ್ತೀರ? ಸ್ಟಾರ್ ಅಲ್ವಾ? 2018ರ ಸೀಸನಲ್ಲಿ ಜೂಡಿಗೆ 1315 ಯಾರ್ಡ್, ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡೋ ಬಿಲೆಟ್ನಿಕಾಫ್ ಪ್ರಶಸ್ತಿ ಅವನಿಗೇ. ಆಗ ತಾನೇ ಬಂದ ವ್ಯಾಡಲ್‌ಗೆ 848. ರಗ್ಸ್‌ಗೆ 741. ಸ್ಮಿತ್‌ಗೆ 693. ನಾಲ್ವರಲ್ಲಿ ನಾಲ್ಕನೇ ಸ್ಥಾನ. ಮಧ್ಯೆ ತೊಡೆಯ ಸ್ನಾಯು ಬೇರೆ ಕೈ ಕೊಡ್ತು. ಇಡೀ ಅಲಬಾಮಾ ರಾಜ್ಯದಲ್ಲಿ ಅಂಗಡಿ ಗೋಡೆ ಮೇಲೆ ಇವನ ಕ್ಯಾಚಿನ ಫೋಟೋ ಇದೆ, ಮೈದಾನದಲ್ಲಿ ಮಾತ್ರ ಇವನು ನಾಲ್ಕನೇಯವನು. ಮತ್ತೆ ಅವನು ಮೈಕ್ ಮುಂದೆ ನಿಂತು ಮಾತಾಡೋ ಜಾತಿಯವನೇ ಅಲ್ಲ, ಕೇಳಿದ್ದಕ್ಕೆ ಎರಡು ವಾಕ್ಯ ಹೇಳಿ ಹೋಗೋನು. ಮಾಡಿದ್ದೇನು ಅಂದ್ರೆ ಬ್ಲಾಕ್ ಮಾಡೋದು ಕಲಿತ. ಈ ಟೀಮಲ್ಲಿ ಗೆಳೆಯ ಚೆಂಡು ಹಿಡಿದು ಓಡೋವಾಗ ಮುಂದೆ ಹೋಗಿ ದಾರಿ ಬಿಡಿಸ್ತಿದ್ದ ಆ ಸಣಕಲ ಹುಡುಗ ಇವನೇ.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳ್ಬೇಕು. ಇದನ್ನ ಬರೀ ತಾಳ್ಮೆ ಅಂತ ಹೊಗಳಿ ಬಿಡೋದು ಸುಲಭ. ಆದ್ರೆ ಆಗಿನ ರೂಲ್ಸ್ ಹಾಗಿತ್ತು, ಡಿಗ್ರಿ ಮುಗಿಯೋ ಮುಂಚೆ ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಎನ್‌ಎಫ್‌ಎಲ್‌ಗೆ ಹೋಗೋಣ ಅಂದ್ರೆ ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು. ಅಂದ್ರೆ ಅರ್ಧ ತಾಳ್ಮೆ, ಅರ್ಧ ಬಾಗಿಲು ಹಾಕಿದ್ದು. 2021ರ ಏಪ್ರಿಲಲ್ಲಿ ಆ ಒಂದು ವರ್ಷ ಕೂರೋ ರೂಲ್ ತೆಗೆದ್ರು, ಈಗ ನಾಲ್ಕನೇ ಸ್ಥಾನದಲ್ಲಿರೋ ಹುಡುಗ ಡಿಸೆಂಬರ್ ಜನವರಿ ಬಂದ್ರೆ ಬೇರೆ ಕಡೆ ಹೊರಟಿರ್ತಾನೆ, ಹೋಗ್ಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ. ಆದ್ರೆ ಮೂರು ವರ್ಷ ಆದ್ಮೇಲೆ ಸ್ಮಿತ್ ಮುಂದೆ ಬಾಗಿಲು ತೆಗೆದೇ ಇತ್ತು, ಆಗ ಅವನು ಏನ್ ಮಾಡಿದ ಅನ್ನೋದು ನೋಡ್ಬೇಕು.

2019ರಲ್ಲಿ ಅವನ ಆಟ ಅರಳ್ತು. ಸೆಪ್ಟೆಂಬರ್ ಕೊನೇಲಿ ಓಲ್ ಮಿಸ್ (ಮಿಸಿಸಿಪ್ಪಿ ಯೂನಿವರ್ಸಿಟಿ) ಮೇಲೆ 11 ಕ್ಯಾಚ್, 274 ಯಾರ್ಡ್, ಐದು ಟಚ್‌ಡೌನ್, ಯಾರ್ಡ್, ಟಚ್‌ಡೌನ್ ಎರಡೂ ಅಲಬಾಮಾ ದಾಖಲೆ. ನವೆಂಬರಲ್ಲಿ ತವರಿನ ಎಲ್‌ಎಸ್‌ಯು ಮೇಲೆ 213 ಯಾರ್ಡ್, ಮ್ಯಾಚ್ ಸೋತ್ರು ಅದು ಬೇರೆ ಮಾತು, ಆ ವರ್ಷದ ಎಲ್‌ಎಸ್‌ಯು ಯಾರಿಗೂ ಬಗ್ಗಲಿಲ್ಲ. ಸೀಸನ್ ಮುಗಿದಾಗ ಲೆಕ್ಕ 68 ಕ್ಯಾಚ್, 1256 ಯಾರ್ಡ್, 14 ಟಚ್‌ಡೌನ್, ಯಾರ್ಡ್ ಲೆಕ್ಕದಲ್ಲಿ ನಾಲ್ವರಲ್ಲಿ ಮೊದಲನೇಯವನು. ಜೂಡಿ, ರಗ್ಸ್, ಟೂವಾ ಮೂರೂ ಜನ ಡ್ರಾಫ್ಟಿಗೆ ಹೊರಟ್ರು. ಸ್ಮಿತ್ ಇನ್ನೊಂದು ವರ್ಷ ಇರ್ತೀನಿ ಅಂದ. ಗಾಯ ಆದ್ರೆ ಕೋಟಿಗಟ್ಲೆ ದುಡ್ಡು ಮಣ್ಣುಪಾಲು, ಇದು ಎಲ್ರಿಗೂ ಗೊತ್ತಿದ್ದ ವಿಷಯವೇ, ಆದ್ರೂ ಉಳ್ಕೊಂಡ. ಅವನು ಉಳಿದ ಕೆಲವೇ ವಾರಕ್ಕೆ ಕೋವಿಡ್ ಬಂತು, ಸೀಸನ್ ನಡೆಯುತ್ತೋ ಇಲ್ವೋ ಅನ್ನೋ ಹಾಗಾಯ್ತು.

ನಡೀತು. ಹೊರಗಿನ ಟೀಮ್ ಜೊತೆ ಮ್ಯಾಚ್ ಇಲ್ಲ, ದಕ್ಷಿಣದ ಕಾಲೇಜುಗಳ ತಮ್ಮ ಎಸ್‌ಇಸಿ ಗುಂಪಿನ ಒಳಗೇ ಹತ್ತು ಮ್ಯಾಚ್. ಮೊದಲ ನಾಲ್ಕು ಮ್ಯಾಚಲ್ಲಿ ಇವನಿಗಿಂತ ವ್ಯಾಡಲ್‌ಗೇ ಹೆಚ್ಚು ಯಾರ್ಡ್ ಇತ್ತು. ನೋಡಿ, ನಾಲ್ಕನೇ ವರ್ಷದಲ್ಲೂ ಇವನು ಟೀಮಿನ ಮೊದಲ ಹೆಸರಲ್ಲ! ಐದನೇ ಮ್ಯಾಚ್, ಟೆನ್ನೆಸಿ ವಿರುದ್ಧ, ಶುರುವಿನ ಕಿಕ್‌ಆಫಲ್ಲೇ ವ್ಯಾಡಲ್ ಕಾಲಿನ ಕೀಲು ಮುರ್ಕೊಂಡ. ಅಲ್ಲಿಂದ ಮುಂದೆ ಎದುರಾಳಿಗಳಿಗೆ ಗೊತ್ತು ಚೆಂಡು ಯಾರಿಗೆ ಹೋಗುತ್ತೆ ಅಂತ, ಇಬ್ಬಿಬ್ರನ್ನ ಇವನ ಮೇಲೆ ಬಿಟ್ರು, ಆದ್ರೂ ತಡೆಯೋಕೆ ಆಗ್ಲಿಲ್ಲ. ಕ್ವಾರ್ಟರ್‌ಬ್ಯಾಕ್ ಈಗ ಮ್ಯಾಕ್ ಜೋನ್ಸ್, ಅವನೂ ಬೆಂಚ್ ಮೇಲೆ ಕೂತು ಸವೆದವನೇ. ವ್ಯಾಡಲ್ ಮಾಡ್ತಿದ್ದ ಪಂಟ್ ರಿಟರ್ನ್ ಕೆಲಸಾನೂ, ಅಂದ್ರೆ ಎದುರಾಳಿ ಒದ್ದು ಕಳಿಸಿದ ಚೆಂಡು ಹಿಡಿದು ವಾಪಸ್ ಓಡೋದು, ಇವನ ಮೇಲೆ ಬಂತು, ಅರ್ಕನ್ಸಾ ವಿರುದ್ಧ ಅದರಲ್ಲೂ 84 ಯಾರ್ಡ್ ಓಡಿ ಟಚ್‌ಡೌನ್. ಡಿಸೆಂಬರಲ್ಲಿ ಬ್ಯಾಟನ್ ರೂಜ್‌ಗೆ ಹೋಗಿ ಎಲ್‌ಎಸ್‌ಯು ಮೇಲೆ 231 ಯಾರ್ಡ್, ಮೂರು ಟಚ್‌ಡೌನ್, ಅದರಲ್ಲೊಂದು ಒಂದೇ ಕೈಯಲ್ಲಿ ಹಿಡಿದಿದ್ದು. ಊರಿನೋರಿಗೆ ಹೊಟ್ಟೆ ಉರಿದಿರಬೇಕು, ಹೆಮ್ಮೇನೂ ಆಗಿರಬೇಕು.

ಒಟ್ಟು 117 ಕ್ಯಾಚ್, 1856 ಯಾರ್ಡ್, 23 ಟಚ್‌ಡೌನ್. 2021 ಜನವರಿ 5ಕ್ಕೆ ಹೈಸ್ಮನ್ ಟ್ರೋಫಿ ಘೋಷಣೆ, ಕಾಲೇಜ್ ಫುಟ್‌ಬಾಲಲ್ಲಿ ಅದಕ್ಕಿಂತ ದೊಡ್ಡ ವೈಯಕ್ತಿಕ ಪ್ರಶಸ್ತಿ ಇಲ್ಲ, ಕೋವಿಡ್ ಕಾರಣ ಸಮಾರಂಭ ಆನ್‌ಲೈನಲ್ಲೇ. 2000ದಿಂದ 2019ರ ತನಕ ಇಪ್ಪತ್ತು ವರ್ಷದಲ್ಲಿ ಹದಿನೇಳು ಸಲ ಅದು ಕ್ವಾರ್ಟರ್‌ಬ್ಯಾಕ್‌ಗೆ ಹೋಗಿದೆ, ಮೂರು ಸಲ ಚೆಂಡು ಹಿಡ್ಕೊಂಡು ನುಗ್ಗೋ ರನ್ನಿಂಗ್ ಬ್ಯಾಕ್‌ಗೆ. ರಿಸೀವರ್‌ಗೆ ಅಂತ ಸಿಕ್ಕಿದ್ದು ಹಿಂದೆ 1991ರಲ್ಲಿ, ಮಿಶಿಗನ್‌ನ ಡೆಸ್ಮಂಡ್ ಹೊವರ್ಡ್‌ಗೆ. 2003ರಲ್ಲಿ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಲ್ಯಾರಿ ಫಿಟ್ಜೆರಾಲ್ಡ್ 1672 ಯಾರ್ಡ್, 22 ಟಚ್‌ಡೌನ್ ಹೊಡೆದೂ ಎರಡನೇ ಸ್ಥಾನಕ್ಕೆ ಇಳಿದ, ಅದು ಅನ್ಯಾಯ ಅಂತ ನಾನು ಈಗಲೂ ಜಗಳಕ್ಕೆ ರೆಡಿ. ಸ್ಮಿತ್‌ಗೆ ಬಂದ ವೋಟಿಂಗ್ ಪಾಯಿಂಟ್ಸ್ ಎಷ್ಟು ಗೊತ್ತಾ, 1856. ಹೊಡೆದ ಯಾರ್ಡೂ 1856. ಸುಮ್ನೆ ಕಾಕತಾಳೀಯ, ಆದ್ರೆ ನೆನಪಲ್ಲಿ ಉಳಿಯುತ್ತೆ. ಅವನ ಹಿಂದಿನ ಮೂರು ಸ್ಥಾನದಲ್ಲಿ ಇದ್ದೋರು ಮೂರೂ ಕ್ವಾರ್ಟರ್‌ಬ್ಯಾಕ್, ಅದರಲ್ಲಿ ಒಬ್ಬ ಅವನಿಗೇ ಪಾಸ್ ಎಸೀತಿದ್ದ ಮ್ಯಾಕ್ ಜೋನ್ಸ್.

ಆರು ದಿನ ಬಿಟ್ಟು ಮಯಾಮಿ ಹತ್ರ ಫೈನಲ್, ಒಹಾಯೋ ಸ್ಟೇಟ್ ವಿರುದ್ಧ. ಅಲ್ಲಿ ನಡೆದಿದ್ದನ್ನ ಮ್ಯಾಚ್ ಅನ್ನೋದೇ ಕಷ್ಟ. ಮೊದಲ ಅರ್ಧದಲ್ಲೇ ಸ್ಮಿತ್ 12 ಕ್ಯಾಚ್, 215 ಯಾರ್ಡ್, ಮೂರು ಟಚ್‌ಡೌನ್. ಅಲಬಾಮಾದ ಆಫೆನ್ಸ್ (ಚೆಂಡು ಕೈಲಿದ್ದಾಗಿನ ಆಟ) ನೋಡ್ಕೊಳ್ತಿದ್ದ ಕೋಚ್ ಸ್ಟೀವ್ ಸಾರ್ಕಿಸಿಯನ್ ಅವನನ್ನ ಒಂದು ಕಡೆ ನಿಲ್ಲಿಸ್ತಿರಲಿಲ್ಲ, ಎಡಕ್ಕೆ ಬಲಕ್ಕೆ ಮಧ್ಯಕ್ಕೆ ಓಡಾಡಿಸಿ, ಕೊನೇಗೆ ಒಂದು ಪ್ಲೇಲಿ ಒಹಾಯೋದ ಮಧ್ಯದ ಲೈನ್‌ಬ್ಯಾಕರ್, ಅಂದ್ರೆ ಡಿಕ್ಕಿ ಹೊಡೆಯೋಕೆ ಇರೋ ದಪ್ಪ ಆಸಾಮಿ, ಅವನು ಸ್ಮಿತ್ ಹಿಂದೆ ಓಡೋ ಪರಿಸ್ಥಿತಿ ತಂದ್ರು. 42 ಯಾರ್ಡ್ ಟಚ್‌ಡೌನ್. ಪಾಪ ಅನ್ಸುತ್ತೆ ಅವನನ್ನ ನೋಡಿದ್ರೆ. ಮೂರನೇ ಕ್ವಾರ್ಟರ್ ಶುರುವಲ್ಲೇ ಸ್ಮಿತ್ ಕೈಬೆರಳು ತಪ್ಪಿ ಹೊರಗೆ ಹೋದ, ಮತ್ತೆ ಇಳೀಲಿಲ್ಲ, ಇಳಿಯೋ ಅಗತ್ಯವೂ ಇರಲಿಲ್ಲ, 52-24. ಅದೇ ಮ್ಯಾಚಿಗೆ ವ್ಯಾಡಲ್ ಕುಂಟ್ಕೊಂಡೇ ಇಳಿದಿದ್ದ.

ನಾಲ್ಕು ವರ್ಷದ ಒಟ್ಟು ಲೆಕ್ಕ 235 ಕ್ಯಾಚ್, 3965 ಯಾರ್ಡ್, 46 ಟಚ್‌ಡೌನ್. ಯಾರ್ಡ್ ಮತ್ತೆ ಟಚ್‌ಡೌನ್ ಎರಡೂ ಎಸ್‌ಇಸಿ ದಾಖಲೆ ಆಯ್ತು. ಟಚ್‌ಡೌನಲ್ಲಿ ಹಿಂದಿನ ದಾಖಲೆ ಅಲಬಾಮಾದವನೇ ಆದ ಅಮಾರಿ ಕೂಪರ್‌ದು, 31. ಮೂವತ್ತೊಂದರಿಂದ ನಲವತ್ತಾರು! ಮೊದಲೆರಡು ವರ್ಷ ಸೇರಿಸಿ ಹೊಡೆದಿದ್ದು ಒಂಬತ್ತು, ಉಳಿದ ಮೂವತ್ತೇಳು ಕೊನೇ ಎರಡು ವರ್ಷದಲ್ಲಿ.

ಇಷ್ಟಾದ್ರೂ ಡ್ರಾಫ್ಟ್ ಹತ್ರ ಬಂದಾಗ ಮಾತು ಶುರುವಾಗಿದ್ದು ಅವನ ತೂಕದ ಬಗ್ಗೆ. ಆರು ಅಡಿ ಎತ್ತರ, ಕಾಲೇಜ್ ಪಟ್ಟಿಯಲ್ಲಿ 175 ಪೌಂಡ್ ಅಂತ ಇತ್ತು, ಮೆಡಿಕಲ್ ಚೆಕಪ್ಪಲ್ಲಿ ನಿಲ್ಲಿಸಿ ನೋಡಿದ್ರೆ 166, ಅಂದ್ರೆ 75 ಕೆಜಿ. ನನ್ನ ತೂಕ ಅದಕ್ಕಿಂತ ಜಾಸ್ತಿ ಇದೆ, ನಗಬೇಡಿ. ನೂರು ಕೆಜಿ ಮೇಲಿನ ಜನ ಡಿಕ್ಕಿ ಹೊಡೆಯೋ ಆಟದಲ್ಲಿ ಇದು ನಡೆಯುತ್ತಾ ಅಂತ ಪ್ರಶ್ನೆ. ಹೈಸ್ಮನ್ ತಗೊಳೋವಾಗ್ಲೇ ಅವನು ಇದಕ್ಕೆ ಮಾತು ತಂದಿದ್ದ, ಸೈಜ್ ನೋಡಿ ನಿನ್ನಿಂದ ಆಗಲ್ಲ ಅಂತ ಹೇಳಿಸ್ಕೊಂಡ ಹುಡುಗರು ಬಿಡದೆ ಮುಂದುವರಿಸಿ ಅನ್ನೋ ಅರ್ಥದಲ್ಲಿ. ಆದ್ರೆ ಅವನ ಆಟದ ಗುಟ್ಟು ಛಲ ಒಂದೇ ಅಲ್ಲ, ಕಸುಬು. ಶುರುವಿನ ಎರಡು ಮೂರು ಹೆಜ್ಜೇಲೇ ಎದುರಿನವನ ಕೈಗೆ ಸಿಗದ ಹಾಗೆ ಜಾರ್ಕೋತಾನೆ. ಕೈಗೇ ಸಿಗದವನ ತೂಕ ತಗೊಂಡು ಏನ್ ಮಾಡೋದು? ಎರಡನೇದು, ಚೆಂಡು ಹತ್ತಿರ ಬರೋ ತನಕ ಕೈ ಎತ್ತಲ್ಲ. ಬೆನ್ನು ಮಾಡಿ ಓಡ್ತಿರೋ ಡಿಫೆಂಡರ್‌ಗೆ ಚೆಂಡು ಕಾಣ್ತಿರಲ್ಲ, ಅವನು ರಿಸೀವರ್ ಕೈ ನೋಡ್ಕೊಂಡು ತಾನೂ ಕೈ ಹಾಕ್ತಾನೆ, ಸ್ಮಿತ್ ಕೈ ಮೇಲೆ ಬರೋ ಹೊತ್ತಿಗೆ ಟೈಮ್ ಮುಗಿದಿರುತ್ತೆ. ಇದೆಲ್ಲ ಕಲಿಯೋಕೆ ದಿನಾ ಪ್ರಾಕ್ಟೀಸಲ್ಲಿ ಅಲಬಾಮಾದ ಡಿಫೆನ್ಸ್ ಎದುರು ಓಡ್ಬೇಕಿತ್ತು, ಆ ಡಿಫೆನ್ಸಲ್ಲೂ ಮುಂದೆ ಎನ್‌ಎಫ್‌ಎಲ್ ಸೇರಿದ ಹುಡುಗರೇ ತುಂಬಿದ್ರು.

2021 ಏಪ್ರಿಲಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎರಡು ಸ್ಥಾನ ಮೇಲೆ ಹತ್ತಿ ಹತ್ತನೇ ಆಯ್ಕೆಯಲ್ಲಿ ಅವನನ್ನ ತಗೊಂಡ್ರು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು? ಜೇಲನ್ ಹರ್ಟ್ಸ್. ಅಟ್ಲಾಂಟಾ ರಾತ್ರಿ ಅರ್ಧದಲ್ಲಿ ಬೆಂಚಿಗೆ ಹೋದವನು. 2025ರ ಫೆಬ್ರವರಿಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್, ಕಾನ್ಸಸ್ ಸಿಟಿ ವಿರುದ್ಧ, ಮೂರನೇ ಕ್ವಾರ್ಟರಲ್ಲಿ ಹರ್ಟ್ಸ್ ಎಸೆದ 46 ಯಾರ್ಡ್ ಪಾಸ್ ಸ್ಮಿತ್ ಹಿಡಿದು ಟಚ್‌ಡೌನ್, 34-0, ಕೊನೇಗೆ 40-22. ನಡೆದಿದ್ದು ನ್ಯೂ ಆರ್ಲಿಯನ್ಸಲ್ಲಿ, ಅಮೀಟ್‌ನಿಂದ ಒಂದು ಗಂಟೆ ಚಿಲ್ಲರೆ ಡ್ರೈವ್.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನ ಇಲ್ಲಿ ಬರೀತೀನಿ.

ಕಾಲೇಜಲ್ಲಿ ಅವನಿಗೆ ಎಷ್ಟು ದುಡ್ಡು ಸಿಕ್ತು ಅಂತ ಒಬ್ರು ಕೇಳಿದ್ರು. ಆಗ ಸಂಬಳ ಅಂತ ಏನೂ ಇರಲಿಲ್ಲ. ಸ್ಕಾಲರ್‌ಶಿಪ್, ಊಟ, ರೂಮು, ಕೈಖರ್ಚಿಗೆ ಸ್ವಲ್ಪ ಭತ್ಯೆ. ಕೋಚ್ ಸೇಬನ್‌ಗೆ ವರ್ಷಕ್ಕೆ 90 ಲಕ್ಷ ಡಾಲರ್ ಮೇಲೆ, ಸ್ಟೇಡಿಯಮ್‌ನಲ್ಲಿ ಲಕ್ಷ ಸೀಟು, ಟಿವಿ ದುಡ್ಡು ಬೇರೆ, ಆಡೋ ಹುಡುಗ ಮಾತ್ರ ತನ್ನ ಹೆಸರಲ್ಲಿ ಒಂದು ಜಾಹೀರಾತು ಮಾಡೋ ಹಾಗಿರಲಿಲ್ಲ. ಆ ರೂಲ್ ಬದಲಾಗಿದ್ದು 2021ರ ಜುಲೈ 1ಕ್ಕೆ, ಸ್ಮಿತ್ ಕೊನೇ ಮ್ಯಾಚ್ ಆಡಿ ಆರು ತಿಂಗಳೂ ಆಗಿರಲಿಲ್ಲ. ಅದೇ ತಿಂಗಳು ಸೇಬನ್ನೇ ಹೇಳಿದ್ರು, ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಹತ್ತು ಲಕ್ಷ ಡಾಲರ್ ಹತ್ತಿರದ ಒಪ್ಪಂದ ಆಗಿದೆ ಅಂತ, ಬ್ರೈಸ್ ಯಂಗ್ ಅನ್ನೋ ಆ ಹುಡುಗ ಅಷ್ಟು ಹೊತ್ತಿಗೆ ಒಂದು ಮ್ಯಾಚನ್ನೂ ಶುರುವಿಂದ ಆಡಿರಲಿಲ್ಲ! 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಒಂದೊಂದು ಕಾಲೇಜು ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ತನಕ. ಸ್ಮಿತ್‌ಗೆ ಈಗ ಅದರ ಚಿಂತೆ ಇಲ್ಲ ಬಿಡಿ, 2024ರಲ್ಲಿ ಈಗಲ್ಸ್ ಜೊತೆ ಮೂರು ವರ್ಷಕ್ಕೆ ಏಳೂವರೆ ಕೋಟಿ ಡಾಲರ್ ಒಪ್ಪಂದ ಆಗಿದೆ. ಆದ್ರೆ ಅವನ ಜೊತೆ ಆಡಿ ಎನ್‌ಎಫ್‌ಎಲ್ ತನಕ ಹೋಗದ ಹುಡುಗರೂ ಇದ್ರಲ್ಲ, ಆ ಟಿವಿ ದುಡ್ಡಲ್ಲಿ ಅವರ ಪಾಲು ಯಾರು ತಿಂದ್ರು ಅನ್ನೋ ಪ್ರಶ್ನೆ ನನಗೆ ಜಾಸ್ತಿ ಕಾಡುತ್ತೆ.

ಇನ್ನೊಬ್ಬ ಹುಡುಗಿ, ಹೈಸ್ಕೂಲ್ ಇರಬೇಕು, ಅಂಕಲ್ ನಾನು ಒಂದೇ ವಿಡಿಯೋ ನೋಡೋದಾದ್ರೆ ಯಾವುದು ನೋಡ್ಲಿ ಅಂದ್ಲು. 2021ರ ಫೈನಲ್‌ನ ಮೊದಲ ಅರ್ಧ ನೋಡಮ್ಮ, ಚೆಂಡನ್ನ ಬಿಟ್ಟು 6ನೇ ನಂಬರ್ ಜರ್ಸಿ ಎಲ್ಲಿ ನಿಂತಿದೆ ಅಂತ ಮಾತ್ರ ನೋಡು, ಪ್ರತಿ ಪ್ಲೇಗೂ ಜಾಗ ಬದಲಾಗಿರುತ್ತೆ ಅಂತ ಹೇಳ್ದೆ. ಅದಕ್ಕೆ ಅವಳು, ಅವನಿಗೆ ಚೆಂಡು ಬರದೇ ಇರೋ ಪ್ಲೇ ಕೂಡ ನೋಡ್ಬೇಕಾ ಅಂದ್ಲು. ಮೊದ್ಲು ಅದನ್ನೇ ನೋಡು ಅಂದೆ.